ಮಾತಿನ ಹಿಂದಿನ ಸಪ್ಪಳ

ಹೋದ ವಾರ ನನ್ನ ಮಗಳಿಗೆ ಕಿವಿನೋವು ಬಂದಿತ್ತು. ಶಾಲೆಯಿಂದ ಬಂದವಳೇ ಬ್ಯಾಗನ್ನು ಮೂಲೆಗೆಸೆದು, ಅಂಗೈಯಿಂದ ಕಿವಿ ಮುಚ್ಚಿಕೊಂಡು ಅಳುತ್ತ ಕೂತಳು. ಡಾಕ್ಟರು ಸಿಗುವುದು ಸಂಜೆಗೇ. ಅಲ್ಲಿಯವರೆಗೆ ಸುತ್ತ ಹಚ್ಚಿ ಸವರಿದರೆ ಸಮಾಧಾನವಾದೀತೆಂದು ಸಣ್ಣ ಸೌಟಿನಲ್ಲಿ ಎಳ್ಳೆಣ್ಣೆ ಕಾಯಲಿಟ್ಟು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಬೆಳ್ಳುಳ್ಳಿ ಕೆಂಪಗಾಗುತ್ತ ಬಂದಂತೆ ಅದರ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ನನ್ನ ಕೈ ಅಲ್ಲೇ ನಿಂತಿತು. ಎಷ್ಟೊಂದು ಸಂಜೆ ಈ ವಾಸನೆ ನಮ್ಮ ಗೋಡೆಯ ಆಚೆಯಿಂದ ಬರುತ್ತಿತ್ತು... ಅದು ಫೌಜಿ ಮಾಮಾ ಮನೆಯ ವಾಸನೆ.

ಮದುವೆಯಾಗಿ ನಾನು ರಾಯಚೂರಿನ ಈ ಓಣಿಗೆ ಬಂದಾಗ ಅವರು ನಮ್ಮ ಪಕ್ಕದ ಮನೆಯಲ್ಲಿದ್ದರು. ಮೂಲ ದೇವದುರ್ಗದ ಕಡೆಯ ಅರಕೇರಾ. ಮೀಸೆ ಚಿಗುರುವ ವಯಸ್ಸಿನಲ್ಲೇ ಸೈನ್ಯ ಸೇರಿ, ತೋಪಿನ ದಳದಲ್ಲಿ ದುಡಿದು, ಹವಾಲ್ದಾರರಾಗಿ ನಿವೃತ್ತರಾಗಿ ಬಂದವರು. ಆಮೇಲೆ ಗಂಜ್ ಮಾರುಕಟ್ಟೆಯ ಹತ್ತಿರ ಒಂದು ಹತ್ತಿ ಮಿಲ್ಲಿನಲ್ಲಿ ಕಾವಲಿಗಿದ್ದರು. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳನ್ನು ಮಾನ್ವಿಗೆ ಕೊಟ್ಟಿದ್ದರು. ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಫೌಜಿ ಮಾಮಾ ಎನ್ನುತ್ತಿದ್ದರು. ನಾನೂ ಅದನ್ನೇ ರೂಢಿ ಮಾಡಿಕೊಂಡೆ.

ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ವಿಚಿತ್ರವೆಂದರೆ ಅವರಿಗೆ ಮಾತು ಕೇಳಿಸುತ್ತಿರಲಿಲ್ಲ, ದಪ್ಪ ಸಪ್ಪಳ ಕೇಳಿಸುತ್ತಿತ್ತು. ಎದುರಿಗೇ ನಿಂತು ಹಾಲಿನವಳು ಕೂಗಿದರೆ ತಿಳಿಯದು. ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಕದಲಿದ್ದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ನಾನು ಚಂದ್ರಬಂಡದ ಶಾಲೆಯಲ್ಲಿ ಶಿಕ್ಷಕಿ. ತರಗತಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಗಡಸಾಗಿಬಿಟ್ಟಿದೆ. "ನಿನ್ನ ಮಾತು ಒಂದು ನನಗ ತಿಳೀತದ ನೋಡವ್ವ, ಸುಬೇದಾರನ ದನಿ ಇದ್ದಂಗದ" ಎಂದು ನಗುತ್ತಿದ್ದರು. ಹೀಗಾಗಿ ಅವರಿಗೆ ಯಾರು ಏನು ಹೇಳಬೇಕಿದ್ದರೂ ನನ್ನನ್ನು ಕರೆಯುತ್ತಿದ್ದರು. ಕರೆಂಟ್ ಬಿಲ್ಲಿನವನಿರಲಿ, ಮಗಳ ಫೋನಿರಲಿ, ನಾನು ಕಟ್ಟೆಯ ಮೇಲೆ ಅವರ ಬಲಕ್ಕೆ ಕೂತು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಕಿವಿಯ ನರ ಸತ್ತುಹೋಗಿದೆ, ಎಣ್ಣೆಯಿಂದ ಏನೂ ಆಗದು ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಅವರು ಮಿಲ್ಲಿನಿಂದ ಬಂದ ಮೇಲೆ ಎಣ್ಣೆ ಕಾಸುವುದನ್ನು ಬಿಡಲಿಲ್ಲ.

ಕಿವಿ ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ "ಸಮುದ್ರದ ಆಚೆ ಬಿಟ್ಟು ಬಂದೀನಿ" ಎನ್ನುತ್ತಿದ್ದರು. ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಗಿದ್ದ ಕಾಲದಲ್ಲಿ ಅವರೂ ಅಲ್ಲಿದ್ದರು. ಅದಕ್ಕಿಂತ ಹೆಚ್ಚು ಹೇಳಿಸಲು ಹೋದರೆ, ಅಲ್ಲಿ ತೆಂಗಿನ ಗಿಡ ಭಾಳ, ಮಣ್ಣು ನಮ್ಮ ಅರಕೇರಾದಂಗ ಕೆಂಪು, ಎಂದು ಬೇರೆ ಕಡೆ ಹೊರಳಿಬಿಡುತ್ತಿದ್ದರು. ಮಗಳಿಗೂ ಅಷ್ಟೇ ಗೊತ್ತಿತ್ತು.

ಅಳಿಯ ನೀರಮಾನ್ವಿಯವನು. ಕುರಿ ಸಾಕುವ ಮನೆತನ. ಅಪ್ಪ ಇಲ್ಲ, ಅವ್ವ ಇನ್ನೂ ಹಿಂಡಿನ ಹಿಂದೆಯೇ ಇದ್ದಳು. ಅವನು ಮಾನ್ವಿಯ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಿದ್ದ. ಆದರೆ ಅವನ ಮನಸ್ಸು ಲಾರಿಯಲ್ಲಿರಲಿಲ್ಲ. ಸಣ್ಣಂದಿನಿಂದ ಫೌಜಿಗೆ ಸೇರುವ ಹುಚ್ಚು. ಎಲ್ಲಿ ಭರ್ತಿ ನಡೆದರೂ ಹೋಗುವನು, ಓಟದಲ್ಲಿ ಗೆಲ್ಲುವನು, ಯಾವುದಾದರೊಂದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಬರುವನು. ಒಮ್ಮೆ ಎದೆ ಸಾಲಲಿಲ್ಲ, ಒಮ್ಮೆ ಹಲ್ಲು, ಒಮ್ಮೆ ಬರೆಯುವ ಪರೀಕ್ಷೆ. ಹಾಗೆ ವಯಸ್ಸು ಮೀರಿತು. ಮದುವೆಯಾದ ಮೇಲೂ ಮಾವನ ಮನೆಗೆ ಬಂದಾಗ ಗೋಡೆಯ ಮೇಲಿದ್ದ ಸಮವಸ್ತ್ರದ ಫೋಟೋದ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಅದನ್ನು ನಾನೇ ಕಂಡಿದ್ದೇನೆ.

ಇಂಥವನಿಗೆ ಯಾವನೋ ಏಜೆಂಟ್ ಗಂಟುಬಿದ್ದ. ಪರದೇಶದ ಸೈನ್ಯದಲ್ಲಿ ಸಹಾಯಕರ ಕೆಲಸವಂತೆ, ಹೋದವರಿಗೆ ಆ ದೇಶದಲ್ಲೇ ಉಳಿಯಲು ಬಿಡುತ್ತಾರಂತೆ. ಆ ದೇಶದ ಹೆಸರನ್ನು ಈಗ ಅವನ ಹೆಂಡತಿ ಯಾರೂ ತನ್ನ ಎದುರು ಹೇಳಬಾರದೆನ್ನುತ್ತಾಳೆ. ಅದಕ್ಕೆ ನಾನೂ ಬರೆಯುವುದಿಲ್ಲ. ಚಳಿಗಾಲದಲ್ಲಿ ಮಂಡಿಯುದ್ದ ಹಿಮ ಬೀಳುವ ದೇಶ. ಪಕ್ಕದ ದೇಶದೊಡನೆ ಯುದ್ಧ ನಡೆಸುತ್ತಿತ್ತು.

ಹೊರಡುವ ಮುಂಚೆ ಮಾವನ ಕಾಲಿಗೆ ಬೀಳಲು ಬಂದಿದ್ದ. ನಾನು ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿಕೊಟ್ಟು ನನ್ನ ಜಾಗದಲ್ಲಿ ಕೂತೆ, ಅವನ ಮಾತನ್ನು ಮಾಮಾ ಕಿವಿಗೆ ದಾಟಿಸಲು.

"ಫೌಜ್ ಅಂದ್ರ ಲಡಾಯಿ ಮಾಡೋ ಫೌಜ್ ಅಲ್ಲ ಮಾವ. ಅವರ ಗೋದಾಮದಾಗ ಕೆಲಸ. ಸಾಮಾನು ಇಳಸೋದು, ಏರಸೋದು. ಡ್ರೆಸ್ ಮಾತ್ರ ಅವರದೇ ಕೊಡ್ತಾರಂತ."

ಡ್ರೆಸ್ ಎನ್ನುವಾಗ ಅವನ ಕಣ್ಣು ಮಿನುಗಿದವು.

"ಏನ ಸಾಮಾನು?" ಎಂದರು ಮಾಮಾ.

"ರೇಷನ್ನು, ಬಟ್ಟಿ... ಎಲ್ಲಾ."

"ಲಡಾಯಿ ನಡದಲ್ಲಿ ಗೋದಾಮು ಅಂದ್ರ ಗುಂಡಿಂದೇ ಇರ್ತದ. ರೇಷನ್ ಇಳಸಾಕ ಅಷ್ಟು ದೂರದಿಂದ ಮಂದೀನ ಯಾಕ ಕರಸ್ತಾರ?"

"ಲಡಾಯಿ ಜಾಗಾ ಅಲ್ಲಿಂದ ಭಾಳ ದೂರ ಅಂತ ಹೇಳ್ಯಾನ್ರಿ ಮಾವ."

ಮಾಮಾ ಒಗ್ಗರಣೆಯ ತಟ್ಟೆ ಕೆಳಗಿಟ್ಟರು. ಅಂದು ಮೊದಲ ಸಲ, ನಮ್ಮಿಬ್ಬರ ಎದುರು, ಆ ದ್ವೀಪದ ಸಂಗತಿ ಹೇಳಿದರು. ಅವರ ತೋಪಿಗೆ ಗುಂಡು ತುಂಬುವ ಕೆಲಸ ಅವರದೂ ಒಬ್ಬ ತೆಲುಗು ಗೆಳೆಯನದೂ ಆಗಿತ್ತು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಒಂದು ಸಲ ಹೊಡೆದ ಗುಂಡು ಹಾರಲೇ ಇಲ್ಲ, ನಳಿಗೆಯಲ್ಲೇ ಉಳಿಯಿತು. ಹಾಗಾದಾಗ ತಕ್ಷಣ ತೋಪಿನ ಬಾಗಿಲು ತೆಗೆಯಬಾರದು, ಕಾಯಬೇಕು.

"ಕಾಯ್ದ್ವಿ" ಎಂದರು. "ಕಾಯಬೇಕಾದಷ್ಟು ಕಾಯ್ದ್ವಿ. ಆಮ್ಯಾಲ ಅವ ಹೋಗಿ ಬಾಗಲಾ ತೆಗದ. ನಾ ಅವನ ಬಲಕ್ಕ ನಿಂತಿದ್ದೆ... ಕಣ್ಣು ತೆಗದಾಗ ನನ್ನ ಕಿವ್ಯಾಗಿಂದ ರಕ್ತ ಇಳ್ಯಾಕತ್ತಿತ್ತು. ಅವ ಇರ್ಲಿಲ್ಲ. ವೈರಿ ಒಬ್ಬನೂ ಇರ್ಲಿಲ್ಲಪ ಅಲ್ಲಿ. ನಮ್ಮ ತೋಪು, ನಮ್ಮ ಗುಂಡು, ನಾವು. ತೋಪಿನ ಹಂತ್ಯಾಕ ಇರೋನಿಗೆ ಎರಡೂ ಕಡಿಂದ ಸಾವು ಅದ."

ಅಳಿಯ ತನ್ನ ತಟ್ಟೆ ಬದಿಗೆ ಸರಿಸಿದ. ಆಮೇಲೆ, "ಅವು ಹಳೇ ಕಾಲದ ತೋಪು ಮಾವ. ಮತ್ತ ನಾನೇನು ತೋಪು ಹೊಡ್ಯಾಕ ಹೊಂಟೀನೇನು" ಎಂದು ನಕ್ಕು, ಬಗ್ಗಿ ಅವರ ಪಾದ ಮುಟ್ಟಿದ. ಮಾಮಾ ಅವನ ತಲೆಯ ಮೇಲೆ ಇಟ್ಟ ಕೈಯನ್ನು ತುಂಬ ಹೊತ್ತು ತೆಗೆಯಲಿಲ್ಲ. ಅವನು ಹೋದ ಮೇಲೆ ನನ್ನತ್ತ ತಿರುಗಿ, "ಸಣ್ಣ ಹುಡುಗ ಅಲ್ಲವ್ವ, ಹಿಡದು ಕಟ್ಟಿ ಹಾಕಾಕ" ಎಂದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಬಂದೆ.

ಮೊದಮೊದಲು ಫೋಟೋ ಬಂದವು. ಹಿಮದಲ್ಲಿ ನಿಂತದ್ದು, ತುಪ್ಪಳದ ಟೊಪ್ಪಿಗೆ ಹಾಕಿಕೊಂಡದ್ದು, ದೊಡ್ಡ ಬ್ರೆಡ್ಡು ಹಿಡಿದು ನಕ್ಕದ್ದು. ಅವನ್ನೆಲ್ಲ ಹೆಂಡತಿಗೆ ಕಳಿಸುತ್ತಿದ್ದ. ಅವಳು ಮಾನ್ವಿಯಿಂದ ಅಪ್ಪನಿಗೆ ಕಳಿಸುವಳು, ಅಪ್ಪ ನನಗೆ ತೋರಿಸುವರು. ಸಮವಸ್ತ್ರದಲ್ಲಿದ್ದ ಒಂದು ಫೋಟೋ ಬಂದಾಗ ಮಾಮಾ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಮುಖವನ್ನಲ್ಲ, ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಮರದ ಪೆಟ್ಟಿಗೆಗಳನ್ನು.

ಆಮೇಲೆ ಒಂದು ಸಂಜೆ ಮಾಮಾ ಫೋನಿಗೇ ನೇರವಾಗಿ ಒಂದು ವಾಯ್ಸ್ ಮೆಸೇಜು ಬಂತು. ನಾನು ಆಗಷ್ಟೇ ಬಸ್ಸಿಳಿದು ಬಂದಿದ್ದೆ. ಅವರು ಕಟ್ಟೆಯಿಂದಲೇ ಕೈಮಾಡಿ ಕರೆದರು. ಒತ್ತಿದೆ. ಅವನ ದನಿ ಪಿಸುಗುಟ್ಟುತ್ತಿತ್ತು.

"ಮಾವ, ಆಕಿಗಿ ಹೇಳಬ್ಯಾಡ್ರಿ. ನನ್ನ ತೋಪಿನ ಹತ್ರ ಹಾಕ್ಯಾರ. ಗುಂಡು ಹೊತ್ತು ಕೊಡೋದು. ಪಾಸ್‌ಪೋರ್ಟು ಇಸಕೊಂಡಾರ, ಈ ಫೋನು ಬ್ಯಾರೇಯವಂದು. ವಾಪಸ್ ಕಳಸ್ರಿ ಅಂದ್ರ ನಗ್ತಾರ..."

ನಾನು ಒಂದೊಂದೇ ಮಾತನ್ನು ಅವರ ಕಿವಿಗೆ ಹೇಳಿದೆ. ಅವರು ಫೋನು ಇಸಿದುಕೊಂಡು, ಬಲಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಅದನ್ನೇ ಮತ್ತೆ ಹಾಕಿ ಕೇಳಿದರು. ನನಗೆ ಪಿಸುಮಾತಿನ ಹಿಂದೆ ಏನೋ ಗುಡುಗಿದ ಹಾಗೆ ಕೇಳಿಸಿತ್ತು, ಅಷ್ಟೆ. ಅವರು ಬೆರಳೆತ್ತಿ ಎಣಿಸುವವರ ಹಾಗೆ ಗಾಳಿಯಲ್ಲಿ ಆಡಿಸಿದರು.

"ಇದು ಹೋಗೋದು... ಇದು ಹೋಗೋದು... ಇದು ಬರೋದು."

"ಏನು ಬರೋದು ಮಾಮಾ?"

"ಆ ಕಡೀದು." ಕಣ್ಣು ತೆರೆದರು. "ಅವನ ಮಾತು ನೀ ಹೇಳವ್ವ. ಹಿಂದಿನ ಸಪ್ಪಳ ನಾ ಕೇಳ್ತೀನಿ."

ಅಲ್ಲಿಂದಾಚೆಗೆ ಅದೇ ನಮ್ಮ ಸಂಜೆಯಾಯಿತು. ದಿನಾ ಬರುತ್ತಿರಲಿಲ್ಲ. ಅವನಿಗೆ ಫೋನು ಸಿಕ್ಕಾಗ, ಯಾರಾದರೂ ಕೊಟ್ಟಾಗ. ಬಂದಾಗ ಮಾತು ನನ್ನದು, ಸಪ್ಪಳ ಅವರದು. ಉತ್ತರ ಕಳಿಸುವಾಗ ನಾನು ಗುಂಡಿ ಒತ್ತಿ ಹಿಡಿಯುವುದು, ಅವರು ಮಾತಾಡುವುದು. ಕಿವುಡರು ಮಾತಾಡುವ ಹಾಗೆ ಜೋರಾಗಿ ಮಾತಾಡುತ್ತಿದ್ದರು, ಓಣಿಗೆಲ್ಲ ಕೇಳಿಸುವ ಹಾಗೆ. ನಾನು ತುಟಿಯ ಮೇಲೆ ಬೆರಳಿಟ್ಟು ದನಿ ತಗ್ಗಿಸಲು ಹೇಳುತ್ತಿದ್ದೆ.

"ತೋಪು ಹೊಡಿಯೋ ಮುಂದ ಬಾಯಿ ತೆರಕೊಂಡು ನಿಲ್ಲಪ, ಕಿವಿ ಉಳೀತಾವ. ಗುಂಡಿನ ಪೆಟಗಿ ಹತ್ರ ಮಲಕೋಬ್ಯಾಡ, ಎಷ್ಟೇ ಥಂಡಿ ಇರ್ಲಿ. ನಿನ್ನ ತಗ್ಗು ನೀನೇ ತೋಡಕೋ, ಬ್ಯಾರೇಯವರು ತೋಡಿದ್ದರಾಗ ನಂಬಿ ಇಳೀಬ್ಯಾಡ. ನೀವು ಹೊಡದ ಮ್ಯಾಲ ನಿಮ್ಮ ಜಾಗಾ ಅವರಿಗೆ ಗೊತ್ತಾಗ್ತದ. ತೋಪು ಸರಸ್ತಾರೋ ಇಲ್ಲೋ? ಸರಸಲಿಲ್ಲಂದ್ರ ನೀನಾರ ಅಲ್ಲಿ ನಿಲ್ಲಬ್ಯಾಡ, ಓಡಿ ತಗ್ಗಿನ್ಯಾಗ ಬೀಳು."

ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ನನಗೆ ಧೈರ್ಯ ಬರುತ್ತಿತ್ತು. ತಿಳಿದವರೊಬ್ಬರು ಹಿಂದಿದ್ದಾರೆ, ಹುಡುಗ ಹೇಗಾದರೂ ಬದುಕಿ ಬರುತ್ತಾನೆ ಅನ್ನಿಸುತ್ತಿತ್ತು. ಅವನೂ ಹೇಳಿದ್ದನ್ನು ಮಾಡುತ್ತಿದ್ದ. ತಗ್ಗು ತೋಡಿಕೊಂಡೆ ಮಾವ, ಅಲ್ಲಿಯ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಕೈ ಒಡೆದಿವೆ ಎಂದು ಹೇಳಿದ್ದ.

ಒಂದು ದಿನ ಬಂದ ಮೆಸೇಜಿನಲ್ಲಿ ಅವನ ದನಿ ಬೇರೆಯಾಗಿತ್ತು. ಅವಸರ ಇರಲಿಲ್ಲ, ಬಳಲಿಕೆಯಿತ್ತು.

"ತೋಪು ಸರಸಾಂಗಿಲ್ಲ ಮಾವ. ಸರಸೋ ಗಾಡಿ ಸುಟ್ಟು ಹೋಗ್ಯಾದ. ಮತ್ತ ನೀವು ತಗ್ಗಿನ್ಯಾಗ ಬೀಳು ಅಂತೀರಿ. ಇಲ್ಲಿ ಮ್ಯಾಲೆ ಒಂದು ಹಾರ್ತದ, ಜೇನು ಗುಂಯ್ ಅಂದಂಗ. ಅದಕ್ಕ ಕಣ್ಣು ಅದಾವ. ತಗ್ಗಿನ್ಯಾಗ ಇದ್ರೂ ಕಾಣ್ತದ, ಮೈ ಬಿಸಿ ಕಾಣ್ತದಂತ ಅದಕ್ಕ. ತಗ್ಗು ಹುಡಿಕಿ ಒಳಗೇ ಬಂದು ಒಡೀತದ. ಏನ ಮಾಡ್ಲಿ ಮಾವ?"

ನಾನು ಹೇಳಿ ಮುಗಿಸಿದೆ. ಮಾಮಾಗೆ ಅರ್ಥವಾಗಲಿಲ್ಲ. ಮೈ ಬಿಸಿ ಹೇಗೆ ಕಾಣುತ್ತದೆ ಎಂದು ಕೇಳಿದರು. ನಾನು ನನ್ನ ಫೋನಿನಲ್ಲಿ ಹುಡುಕಿ ಅಂಥ ಡ್ರೋನಿನದೊಂದು ವಿಡಿಯೋ ತೋರಿಸಿದೆ. ಮೇಲಿನಿಂದ ತೆಗೆದದ್ದು. ಕಪ್ಪು ನೆಲದಲ್ಲಿ ಒಬ್ಬ ಮನುಷ್ಯ ಬಿಳಿಯ ಚುಕ್ಕೆಯಾಗಿ ಓಡುತ್ತಿದ್ದ. ಎಲ್ಲಿ ಓಡಿದರೂ ಚಿತ್ರದ ನಡುವೆಯೇ ಇರುತ್ತಿದ್ದ. ಮುಗಿಯುವ ಮುಂಚೆಯೇ ಮಾಮಾ ಪರದೆಯ ಮೇಲೆ ಕೈ ಮುಚ್ಚಿದರು.

"ನಮ್ಮ ಕಾಲದಾಗ ಮ್ಯಾಲೆ ಬರೇ ಹದ್ದು ಇದ್ದವು" ಎಂದರು.

ಉತ್ತರ ಕಳಿಸಲು ನಾನು ಗುಂಡಿ ಒತ್ತಿ ಹಿಡಿದೆ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಕೊನೆಗೆ, "ಊಟ ಮಾಡೀಯೇನಪ?" ಎಂದರು. ಅಷ್ಟೇ ಹೋಯಿತು. ಆಮೇಲೆ ಅವರು ಕಳಿಸಿದ್ದೆಲ್ಲ ಅದೇ. ಊಟ ಮಾಡೀಯೇನು, ಕಾಲಿಗಿ ಬೂಟು ಹಸಿ ಆದ್ರ ಒಣಗಸಕೋ, ನಿಮ್ಮವ್ವ ಆರಾಮ ಅದಾಳ, ಕುರಿ ಈದಾವಂತ. ತೋಪಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮಗಳು ಎಷ್ಟು ದಿನ ಅಂತ ಹಿಮದ ಫೋಟೋ ನಂಬಿಯಾಳು? ಒಂದು ಭಾನುವಾರ ಮಾನ್ವಿಯಿಂದ ಬಂದೇ ಬಂದಳು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು ಕೇಳಿದಳು.

"ಅಪ್ಪಾ, ಅವರು ನಿನಗ ಏನ ಹೇಳ್ಯಾರ?"

ಮಾಮಾ ಎಣ್ಣೆಯ ಬಟ್ಟಲು ಒರೆಸುತ್ತಿದ್ದರು. ಕಿವಿಯತ್ತ ಬೆರಳು ತೋರಿಸಿ ತಲೆ ಅಲ್ಲಾಡಿಸಿದರು. ಅವಳು ಹತ್ತಿರ ಬಂದು ಬಲಗಿವಿಗೆ ಬಾಯಿಟ್ಟು ಅದನ್ನೇ ಕೇಳಿದಳು.

"ಕೇಳಸಲಿಲ್ಲವ್ವ."

ಅವಳು ನನ್ನತ್ತ ನೋಡಿದಳು. "ಅಕ್ಕಾ, ನೀವಾರ ಕೇಳ್ರಿ." ನಾನು ಕೇಳಿದೆ. ಎಂದಿನ ದನಿಯಲ್ಲೇ ಕೇಳಿದೆ. ಅವರು ನನ್ನ ಮುಖ ನೋಡದೆ, "ಇವತ್ತ ಯಾಕೋ ಒಟ್ಟ ಕೇಳಸವಲ್ಲದು" ಎಂದರು.

"ನಿನಗ ಕೇಳಸ್ತದ," ಎಂದಳು ಮಗಳು. ಅವಳ ದನಿ ಏರಲಿಲ್ಲ. "ಸಣ್ಣಾಕಿ ಇದ್ದಾಗಿಂದ ನೋಡೀನಿ. ಕೇಳಸದಿದ್ರ ನೀ ಕಣ್ಣಾಗ ಕಣ್ಣಿಟ್ಟು ತುಟಿ ನೋಡ್ತಿ. ಕೇಳಸಿದ್ರ ಮಾರಿ ತಿರುಗಸ್ತಿ. ಹೇಳಪ್ಪಾ. ಅವರನ್ನ ಎಲ್ಲಿ ಹಾಕ್ಯಾರ?"

ಮಾಮಾ ಬಟ್ಟಲು ಕೆಳಗಿಟ್ಟರು. ಫೋನು ತೆಗೆದು ಅವಳ ಕೈಯಲ್ಲಿಟ್ಟರು. ಅವಳು ಅಲ್ಲೇ ಅಂಗಳದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದಾದ ಮೇಲೊಂದು, ಎಲ್ಲವನ್ನೂ ಕೇಳಿದಳು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ನಾವಿಬ್ಬರೂ ಅವಳನ್ನೇ ನೋಡುತ್ತಿದ್ದೆವು. ಅವಳು ಅಳಲಿಲ್ಲ. ಎದ್ದು ಫೋನು ವಾಪಸು ಕೊಟ್ಟು, "ಈಗ ಏನ ಮಾಡೋದು?" ಎಂದಳು. ಅವಳು ಕೇಳಿದ್ದು ಅವರೊಬ್ಬರಲ್ಲೇ ಇದ್ದ ತೋಪಿನವನನ್ನು, ಫೌಜಿಯನ್ನು, ಅಪ್ಪನನ್ನು.

ಮಾಡಬಹುದಾದ್ದನ್ನೆಲ್ಲ ಮಾಡಿದರು. ಮಾಮಾ ಹಳೆಯ ಕೋಟಿಗೆ ಪದಕಗಳನ್ನು ಚುಚ್ಚಿಕೊಂಡು, ಮಗಳ ಜೊತೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗಿದರು. ರಜೆಯಿದ್ದ ದಿನ ನಾನೂ ಹೋಗುತ್ತಿದ್ದೆ. ಎಲ್ಲಿಯೂ ಯಾರೂ ಕೆಟ್ಟ ಮಾತಾಡಲಿಲ್ಲ. ಪದಕ ನೋಡಿ ಎದ್ದು ನಿಂತರು, ಕುರ್ಚಿ ಕೊಟ್ಟರು, ಚಹಾ ತರಿಸಿದರು, ಮೇಲಿನವರಿಗೆ ಬರೆಯುತ್ತೇವೆ ಎಂದರು. ಬರೆದರೂ ಕೂಡ. ಮೇಲಿನವರೂ ಆ ದೇಶಕ್ಕೆ ಬರೆದರಂತೆ. ಒಬ್ಬ ಅಧಿಕಾರಿ ಹೊರಗೆ ಬಂದು ನನ್ನ ಹತ್ತಿರ, "ನಮ್ಮ ದೇಶದ ಸೈನ್ಯ ಆಗಿದ್ರ ಒಂದು ಫೋನಿನ ಮಾತು ಮೇಡಂ. ಅದು ಅವರ ಸೈನ್ಯ. ಅವರು ಇದ್ದಾನ ಅಂದ್ರ ಇದ್ದಾನ, ಇಲ್ಲ ಅಂದ್ರ ಇಲ್ಲ" ಎಂದ. ಅವನ ಮುಖದಲ್ಲೂ ಸಂಕಟವಿತ್ತು. ಆ ಮಾತನ್ನು ನಾನು ಮಾಮಾ ಕಿವಿಗೆ ದಾಟಿಸಲಿಲ್ಲ, ಅವರು ಕೇಳಲೂ ಇಲ್ಲ. ಬಸ್ ಸ್ಟ್ಯಾಂಡಿನವರೆಗೂ ಪದಕಗಳು ಒಂದಕ್ಕೊಂದು ತಾಗುತ್ತ ಸಣ್ಣಗೆ ಸದ್ದು ಮಾಡುತ್ತಿದ್ದವು. ಅದು ಅವರಿಗೆ ಕೇಳಿಸುವ ಸದ್ದಲ್ಲ.

ಕೊನೆಯ ಮೆಸೇಜು ಬಂದಾಗ ಹೋಳಿಯ ಬಣ್ಣ ಇನ್ನೂ ಓಣಿಯ ಗೋಡೆಗಳ ಮೇಲಿತ್ತು. ಅಂದು ಅವನ ದನಿ ಚೆನ್ನಾಗಿತ್ತು. ಹಿಮ ಕರಗುತ್ತಿದೆ, ಎಲ್ಲಾ ರಾಡಿ, ನಮ್ಮ ಕಡೆ ನಾಟಿ ಗದ್ದೆಯ ಹಾಗೆ ಎಂದ. ಅವ್ವನ ಮಂಡಿನೋವಿನ ಔಷಧಿ ತರಿಸಿಕೊಟ್ಟಿರಾ ಎಂದು ಕೇಳಿದ. "ಬಂದ ಮ್ಯಾಲ ಲಾರೀನೇ ಓಡಸ್ತೀನಿ ಮಾವ, ಸಾಕು" ಎಂದ. ಹಾಗೆನ್ನುವಾಗ ನಕ್ಕ. ನಾನೂ ನಗುತ್ತಲೇ ಮಾಮಾಗೆ ಹೇಳಿದೆ. ಅವರು ಎಂದಿನಂತೆ ಫೋನು ಕಿವಿಗೊತ್ತಿ ಕಣ್ಣು ಮುಚ್ಚಿದರು. ಮತ್ತೆ ಹಾಕಿದರು. ಇನ್ನೊಮ್ಮೆ ಹಾಕಿದರು.

"ಏನದ ಮಾಮಾ ಹಿಂದ?"

"ಏನಿಲ್ಲವ್ವ. ದೂರ ಅದ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು.

ಆಮೇಲೆ ಏನೂ ಬರಲಿಲ್ಲ. ಅವರು ಕಳಿಸಿದ 'ಊಟ ಮಾಡೀಯೇನಪ' ಹೋಗಿ ಅಲ್ಲೆಲ್ಲೋ ಕೂತಿತು. ಬೇಸಿಗೆ ಬಲಿತು ಕಟ್ಟೆಯ ಕಲ್ಲು ಸಂಜೆಗೂ ಸುಡುವ ಹೊತ್ತಿಗೆ, ತೆಲಂಗಾಣದ ಒಬ್ಬ ಯುವಕ ಫೋನು ಮಾಡಿದ. ಅವನೂ ಅಲ್ಲಿ ಸಿಕ್ಕಿಕೊಂಡಿದ್ದವನೇ, ಅಳಿಯನಿಗೆ ಆಗಾಗ ಫೋನು ಕೊಟ್ಟವನು, ಕಾಲು ಮುರಿದು ಆಸ್ಪತ್ರೆ ಸೇರಿ, ಹೇಗೋ ಊರಿಗೆ ಬಂದವನು. ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಮಾತಾಡಿದ. ಅವರ ತೋಪಿನ ಜಾಗದ ಮೇಲೆ ಆ ಕಡೆಯಿಂದ ಗುಂಡು ಬಿತ್ತು, ಪಕ್ಕದಲ್ಲಿದ್ದ ಗುಂಡಿನ ಪೆಟ್ಟಿಗೆಗಳು ಹತ್ತಿಕೊಂಡವು, ಬಹಳ ಹೊತ್ತು ಉರಿದವು, ತಾನು ಬೇರೆ ತಗ್ಗಿನಲ್ಲಿದ್ದೆ ಎಂದ. ನಿಮ್ಮವನನ್ನು ಹೊತ್ತೊಯ್ದದ್ದನ್ನು ನೋಡಲಿಲ್ಲ, ಸತ್ತದ್ದನ್ನೂ ನೋಡಲಿಲ್ಲ ಎಂದ. ನಾನು ಎಲ್ಲವನ್ನೂ ಕನ್ನಡಕ್ಕೆ ತಂದು ಮಾಮಾ ಕಿವಿಗೆ ಹೇಳಬೇಕಾಯಿತು. ಅಂಥ ಕೆಲಸ ಯಾರಿಗೂ ಬರಬಾರದು... ಹೇಳಿ ಮುಗಿಸಿದ ಮೇಲೆ ಅವರು ಮಾತಾಡಿದ್ದು ಒಂದೇ.

"ಅವತ್ತ ದೂರ ಇರ್ಲಿಲ್ಲವ್ವ ಅದು. ಒಂದು ಆ ಕಡಿ ಬಿತ್ತು, ಒಂದು ಈ ಕಡಿ ಬಿತ್ತು. ಅಂದ್ರ ಮೂರನೇದು ಎಲ್ಲಿ ಅಂತ ತೋಪಿನವನಿಗಿ ಗೊತ್ತಿರ್ತದ. ಅವ ನಗಾಕತ್ತಿದ್ದ. ನಾ ಇಲ್ಲಿ ಕುಂತು ಕೇಳಿದೆ."

ಅವನು ಆ ಮೆಸೇಜು ಕಳಿಸಿ, ಅದು ನಮ್ಮ ಓಣಿ ಮುಟ್ಟಿ, ನಾನು ಒತ್ತುವ ಹೊತ್ತಿಗೆ ಎಷ್ಟು ಹೊತ್ತಾಗಿತ್ತೋ. ಕೂಗಿ ಹೇಳಿದ್ದರೂ ಮುಟ್ಟುತ್ತಿರಲಿಲ್ಲ. ಅದನ್ನು ನಾನು ಅವರಿಗೆ ಹೇಳಿದೆ, ಕಿವಿಗೆ ಬಾಯಿಟ್ಟು, ನನ್ನ ಶಕ್ತಿಯೆಲ್ಲ ಹಾಕಿ ಹೇಳಿದೆ. ಅವರು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಮಾಮಾ ಹೋದರು. ಮಿಲ್ಲಿಗೆ ಹೊರಟವರು ಷೂ ಲೇಸು ಕಟ್ಟಿಕೊಳ್ಳುತ್ತ ಕಟ್ಟೆಯ ಮೇಲೆಯೇ ಒರಗಿದರು. ಡಾಕ್ಟರು ಎದೆಬಡಿತ ನಿಂತಿದೆ ಎಂದರು. ಅರಕೇರಾಕ್ಕೆ ಒಯ್ದು ಮಣ್ಣು ಮಾಡಿದರು. ಮಾಜಿ ಸೈನಿಕರು ಕೆಲವರು ಬಂದು ಹೆಗಲು ಕೊಟ್ಟು ಸಲ್ಯೂಟ್ ಹೊಡೆದರು. ಮಗಳು ಅಪ್ಪನ ಫೋನನ್ನು ತಾನು ತೆಗೆದುಕೊಂಡಳು. ಅವಳ ಕೊರಳಲ್ಲಿ ತಾಳಿ ಇದೆ. ಅದನ್ನು ತೆಗೆ ಎಂದು ಯಾರೂ ಹೇಳಿಲ್ಲ, ಇರಲಿ ಎಂದೂ ಹೇಳಿಲ್ಲ.

ಮೊನ್ನೆ ಅವಳ ಫೋನು ಬಂತು. ಆ ದೇಶದಲ್ಲಿ ಗುರುತು ಸಿಗದ ದೇಹಗಳು ಕೆಲವು ಇವೆಯಂತೆ. ಹೋಲಿಸಿ ನೋಡಲು ತಾಯಿಯ ರಕ್ತ ಬೇಕಂತೆ, ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ತೆಗೆಯುತ್ತಾರಂತೆ. "ಅಪ್ಪ ಇದ್ದಿದ್ರ ಅಪ್ಪ ಬರ್ತಿದ್ದ. ನೀವು ಬರ್ರಿ ಅಕ್ಕಾ" ಎಂದಳು. ಶಾಲೆಗೆ ರಜೆ ಹಾಕಿ ಹೋದೆ.

ನೀರಮಾನ್ವಿಯಿಂದ ಅತ್ತೆ ಸೊಸೆ ಮೊದಲ ಬಸ್ಸಿಗೇ ಬಂದಿದ್ದರು. ಮುದುಕಿ ಹೆಗಲ ಮೇಲೆ ಕಂಬಳಿ ಹೊದ್ದು, ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ರಕ್ತ ಕೊಡಬೇಕಂತ, ಎಂದಷ್ಟೇ ಸೊಸೆ ಅವಳಿಗೆ ಹೇಳಿದ್ದಳು. ಹೆಸರು ಕೂಗಿದಾಗ ಮುದುಕಿ ಎಲ್ಲರಿಗಿಂತ ಮುಂದೆ ಒಳಗೆ ನಡೆದಳು. ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ, ಎಲುಬಿಗೆ ಅಂಟಿದ ಕೈಯನ್ನು ಮೇಜಿನ ಮೇಲೆ ಚಾಚಿದಳು.

ರಕ್ತ ತೆಗೆಯುವಾಕೆ ಚಿಕ್ಕ ವಯಸ್ಸಿನವಳು. ಸೂಜಿ ಚುಚ್ಚಿ, ಸಣ್ಣ ಶೀಸೆಗೆ ಸ್ವಲ್ಪ ರಕ್ತ ಎಳೆದುಕೊಂಡು, "ಆಯ್ತವ್ವ, ಸಾಕು" ಎಂದಳು.

"ಇಷ್ಟ ಏನು?" ಮುದುಕಿ ಕೈ ತೆಗೆಯಲಿಲ್ಲ. "ಇದು ಏನ ಸಾಲತದಬೇ ಅವಗ? ಇನ್ನಾ ತಗೋ. ಗಟ್ಟಿ ಅದೀನಿ ನಾನು, ದಿನಾ ಕುರಿ ಹಿಂದ ತಿರಗ್ತೀನಿ. ನನ್ನ ಮಗಂದು ನಂದು ಒಂದೇ ರಕ್ತ. ಎಷ್ಟ ಬೇಕೋ ಅಷ್ಟ ತಗೋ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ರಕ್ತ ತೆಗೆಯುವಾಕೆ ಶೀಸೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಮುದುಕಿಯೂ ನನ್ನ ಕಡೆಗೇ ತಿರುಗಿದಳು.

"ಮೇಡಂ, ಇದು ಅವಗ ಯಾವಾಗ ಮುಟ್ತದ್ರಿ?"

ಮಾಮಾ ಇದ್ದಿದ್ದರೆ ಏನೆನ್ನುತ್ತಿದ್ದರು? ಇಷ್ಟು ವರ್ಷ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಇನ್ನೊಬ್ಬರ ಕಿವಿಗೆ ಹಾಕಿದವಳು, ಒಮ್ಮೆ ಒಂದು ಮಾತು ನುಂಗಿಕೊಂಡದ್ದುಂಟು, ನನ್ನದೊಂದು ಮಾತು ಸೇರಿಸಿದವಳಲ್ಲ. ಅಂದು ನನ್ನ ಬಾಯಿಗೆ ಮಾತು ಹಾಕಿಕೊಡುವವರು ಯಾರೂ ಇರಲಿಲ್ಲ.

"ಮುಟ್ತದ ಯವ್ವಾ" ಎಂದೆ. "ಜಲ್ದಿ ಮುಟ್ತದ."

ಅವಳು ತೃಪ್ತಿಯಿಂದ ತೋಳು ಇಳಿಸಿಕೊಂಡಳು. ಹತ್ತಿಯನ್ನು ಸೂಜಿ ಚುಚ್ಚಿದಲ್ಲಿ ಒತ್ತಿ ಹಿಡಿದು, ಒಂದು ಹನಿಯೂ ವ್ಯರ್ಥವಾಗದಂತೆ, ಬಸ್ ಸ್ಟ್ಯಾಂಡಿನವರೆಗೂ ಹಾಗೆಯೇ ನಡೆದು ಬಂದಳು. ಮಾನ್ವಿ ಬಸ್ಸು ನಿಂತಿತ್ತು. ಇಬ್ಬರನ್ನೂ ಹತ್ತಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.